ದಮ್ ಹಿಡಿ, ದಮ್ ತಗೋ

ಈ ಬೆಳಿಗ್ಗೆ ಅಕ್ಕ ಟ್ರಂಕಿನಿಂದ ಮುತ್ಯಾನ ಕರಿಕಂಬಳಿ ತೆಗೆದು ಅಂಗಳದ ಫರಸಿಕಲ್ಲಿನ ಮೇಲೆ ಬಿಸಿಲಿಗೆ ಹರವಿದಳು. ಅದರ ವಾಸನೆ ಗೊತ್ತಲ್ಲ ನಿಮಗೆ? ಅರ್ಧ ಕುರಿ, ಅರ್ಧ ಹೊಗೆ, ಮೇಲೊಂದಿಷ್ಟು ಡಾಂಬರು ಗುಳಿಗೆ. ಮಡಿಕೆಯೊಳಗಿಂದ ಒಂದು ಗುಲಾಬಿ ಬಣ್ಣದ ಕಾಗದದ ಪಟ್ಟಿ ಉದುರಿತು. ಹೋದ ವರ್ಷ ಹೈದರಾಬಾದ್ ಹತ್ತಿರದ ಥೀಮ್ ಪಾರ್ಕಿನ ಬಾಗಿಲಲ್ಲಿ ಅಕ್ಕನ ಮಗಳು ಚಿನ್ನಿಯ ಮುಂಗೈಗೆ ಅಂಟಿಸಿದ್ದು. ನಾನು ಎತ್ತಿ ಜೇಬಿಗೆ ಸೇರಿಸುವಷ್ಟರಲ್ಲಿ ಚಿನ್ನಿ ನೋಡಿಬಿಟ್ಟಳು.

"ಮಾಮಾ, ನನ್ನ ಕುದುರಿ ನೀ ತಗೊಂಡಿದ್ದಿ."

ಫಿರ್ಯಾದುದಾರಳಿಗೆ ಐದು ವರ್ಷ. ಕೇಸಿಗೆ ಒಂದು ವರ್ಷ. ಇನ್ನೂ ಹಿಂತೆಗೆದುಕೊಂಡಿಲ್ಲ. ಆರೋಪ ನಿಜವೇ, ಆದರೆ ಹಿನ್ನೆಲೆ ಇದೆ, ಕೇಳಿ.

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು. ತಾಂಡೂರಿನಿಂದ ಜಹೀರಾಬಾದಿನವರೆಗೆ ಎಲ್ಲಿ ಮೈಕಿದೆಯೋ ಅಲ್ಲೆಲ್ಲ ವಾದ ಮಾಡಿದ್ದೇನೆ. ಪರವಾಗಿಯೂ, ವಿರುದ್ಧವಾಗಿಯೂ, ಒಮ್ಮೊಮ್ಮೆ ಒಂದೇ ದಿನ. ಈ ವಿದ್ಯೆಯ ಕೇಡೆಂದರೆ, ಬರಬರುತ್ತ ಮನೆಯವರೂ ಎದುರು ಪಕ್ಷದಂತೆ ಕಾಣತೊಡಗುತ್ತಾರೆ. ಅವ್ವ "ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಆಗ್ಯಾದೇನೋ?" ಎಂದರೆ "ಯಾವುದಕ್ಕೆ ಹೋಲಿಸಿದರೆ?" ಎಂದು ಕೇಳುವ ಪ್ರಾಣಿ ನಾನು. ಅವ್ವನ ಅಪ್ಪ, ನಮ್ಮ ಮುತ್ಯಾ, ಬೊಮ್ರಾಸಪೇಟ್ ಕಡೆಯ ಹೊಲಗಳಲ್ಲಿ ಆಯುಷ್ಯವೆಲ್ಲ ಕುರಿ ಕಾಯ್ದವನು. ನನ್ನನ್ನು ವಕೀಲಾ ಎಂದೇ ಕರೆಯುತ್ತಾನೆ. ಹೊಗಳಿಕೆ ಅಂದುಕೊಳ್ಳಬೇಡಿ.

ಪಾರ್ಕಿಗೆ ಹೋಗುವುದು ನಿಶ್ಚಯವಾದಾಗ ಚಿನ್ನಿ ಫೋನಿನಲ್ಲಿ ಚಿತ್ರ ನೋಡಿ ಒಂದೇ ಒಂದರ ಮೇಲೆ ಬೆರಳಿಟ್ಟಳು: ಹಾಡಿನ ಜೊತೆ ಗರಗರ ತಿರುಗುವ ಮರದ ಕುದುರೆಗಳು, ಅವುಗಳಲ್ಲಿ ಬಿಳಿಯದು. ಬೇರೇನೂ ಬೇಡ. "ಅದರ ಮ್ಯಾಲ ಕೂಡಸ್ತೀನಿ" ಎಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಆಮೇಲೆ ವೇಳಾಪಟ್ಟಿ ಬರೆದೆ. ಹನ್ನೊಂದು ಆಟ. ಸಾಲು ಉದ್ದವಿರುವವು ಮೊದಲು, ಸಾಲೇ ಇರದ ಕುದುರೆ ಕಡೆಗೆ, ನಾಲ್ಕು ಗಂಟೆಗೆ. ತರ್ಕದಲ್ಲಿ ಸೂಜಿ ತೂರಿಸಲೂ ಸಂದಿಲ್ಲ.

ಅಕ್ಕ ಓದಿ, "ಇದರಾಗ ಕೂಸು ಮಲಗೂದು ಎಲ್ಲದ?" ಎಂದಳು.

"ಮಲಗಲೇಬೇಕು ಅನ್ನಾಕ ಪುರಾವೆ ಏನದ?"

ಪಾಲಕರಿಗೆ ಬುದ್ಧಿ ಹೇಳುವ ಲೇಖನಗಳನ್ನು ನಾನೂ ಓದಿದ್ದೆ. ಎರಡು ಆಟಕ್ಕೊಮ್ಮೆ ಕೂರಿಸಿ, ಊಟದ ನಂತರ ನೆರಳು ನೋಡಿ ಮಲಗಿಸಿ, ಅಳುವ ಮೊದಲೇ ನೀರು ಕುಡಿಸಿ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದದ್ದು ಎಂಬುದು ನನ್ನ ಗುಮಾನಿ. ನಿದ್ದೆಗಾಗಿ ಯಾರಾದರೂ ಟಿಕೆಟ್ ಕೊಳ್ಳುತ್ತಾರೆಯೇ? ಮನೆಯಲ್ಲಿ ಪುಕ್ಕಟೆ ಸಿಗುತ್ತದಲ್ಲ!

ಬಾಗಿಲಲ್ಲಿ ಚೀಲ ತಪಾಸಣೆ ಮಾಡುವವನು ಮುತ್ಯಾನ ಹೆಗಲ ಕಂಬಳಿ ಎಳೆದು ನೋಡಿ, "ಇತ್ತಿ ಗರ್ಮಿ ಮೆ ಕಂಬಲ್ ಕಾಯ್ಕು ಬಾಬಾ?" ಎಂದ. ಇಷ್ಟು ಸೆಕೆಯಲ್ಲಿ ಕಂಬಳಿ ಯಾಕೆ ಎಂಬ ಪ್ರಶ್ನೆ ನನಗೂ ಇತ್ತು. ಮುತ್ಯಾ ತನ್ನದೇ ಉರ್ದುವಿನಲ್ಲಿ, "ಮೇರೆ ಕು ನೈ ಸಾಬ್, ಬಚ್ಚೀ ಕು. ಥಂಡಿ ಕು ನೈ, ದಮ್ ಕು" ಎಂದ, ತನಗಲ್ಲ ಕೂಸಿಗೆ, ಚಳಿಗಲ್ಲ ದಮ್ಮಿಗೆ ಎಂದು. ತಪಾಸಣೆಯವನಿಗೆ ತಿಳಿಯಿತು, ಬಿಟ್ಟ. ಮೂರು ಭಾಷೆ ಬಲ್ಲ ನನಗೆ ತಿಳಿಯಲಿಲ್ಲ.

ಹನ್ನೊಂದೂವರೆಗೆ ಮುತ್ಯಾ ಹೊಂಗೆಮರದ ಕೆಳಗೆ ಕಂಬಳಿ ಹಾಸಿಯೇಬಿಟ್ಟ.

"ಹಿಂಡು ನಿಂದ್ರಸು ವಕೀಲಾ."

"ಮುತ್ಯಾ, ಕೂಸಿಗಿನ್ನೂ ನಿದ್ದಿ ಬಂದಿಲ್ಲ. ನೋಡು, ಹ್ಯಾಂಗ ಜಿಗ್ಯಾಕತ್ಯಾಳ!"

"ಅದಕ್ಕs ಅಂದೆ. ಮರಿ ಕುಂತ ಮ್ಯಾಲ ಹಿಂಡು ನಿಂದ್ರಿಸಿದ್ರ ಏನು ಫಾಯ್ದಾ? ಅದು ಕುಂದ್ರೂಕಿಂತ ಮೊದಲ ನಿಂದ್ರಸಬೇಕು. ಕುಂತ ಮರಿ ಹೊತಗೊಂಡs ಹೋಗಬೇಕಾಗ್ತದ."

"ಕುರಿಗೆ ಮಕ್ಕಳನ್ನ ಹೋಲಿಸೂದು ತಪ್ಪು. ಕುರಿ ಟಿಕೆಟ್ ತಗೊಂಡು ಬಂದಿರಲ್ಲ."

"ಕೂಸರ ತಗೊಂಡದೇನು? ನೀ ತಗೊಂಡಿ."

ವೇದಿಕೆಯಲ್ಲಿ ವಾದ ಸೋಲುವಂತಾದಾಗ ಏನು ಮಾಡಬೇಕೆಂಬ ತರಬೇತಿ ಇದೆಯಲ್ಲ, ಗಡಿಯಾರ ತೋರಿಸಿ ಮುಂದೆ ನಡೆದೆ. ಒಂದು ಗಂಟೆಯ ಹೊತ್ತಿಗೆ ಚಿನ್ನಿ ನನ್ನ ಪ್ಯಾಂಟು ಜಗ್ಗಿದಳು.

"ಮಾಮಾ, ದಮ್ ಹತ್ತೇದ."

"ದಮ್ ಹಿಡಿ ಚಿನ್ನಿ, ಇನ್ನ ಎರಡs ಆಟ."

ನೋಡಿ, ನಮ್ಮ ಕಡೆ ಈ ಒಂದು ಶಬ್ದ ಎಷ್ಟು ದುಡಿಯುತ್ತದೆ! ಉಸಿರು ಸೋತರೆ ದಮ್ ಹತ್ತುತ್ತದೆ. ತಾಳಿಕೋ ಎನ್ನುವುದಕ್ಕೆ ದಮ್ ಹಿಡಿ. ಕುಳಿತು ಸುಧಾರಿಸಿಕೋ ಎನ್ನುವುದಕ್ಕೆ ದಮ್ ತಗೋ. ವಾದದಲ್ಲಿ ಹುರುಳಿಲ್ಲದಿದ್ದರೆ, ಅದರಾಗ ದಮ್ ಇಲ್ಲ. ವಾದಕ್ಕೆ ಮೊದಲು ಶಬ್ದದ ಅರ್ಥ ಖಚಿತಪಡಿಸಿಕೊಳ್ಳಿ ಎಂದು ಕಿರಿಯರಿಗೆಲ್ಲ ಭಾಷಣ ಬಿಗಿಯುವ ನಾನು, ಉಸಿರಿಲ್ಲ ಎಂದ ಕೂಸಿಗೆ ಇದ್ದ ಉಸಿರನ್ನೂ ಹಿಡಿದುಕೋ ಎಂದಿದ್ದೆ. ಅವಳು ಹಿಡಿದುಕೊಂಡಳು. ಮಾಮಾ ಮಾತು ಕೊಟ್ಟಿದ್ದನಲ್ಲ.

ನಾಲ್ಕು ಗಂಟೆಗೆ ಸರಿಯಾಗಿ ಕುದುರೆಗಳ ಮುಂದೆ ನಿಂತೆವು. ಒಂದು ನಿಮಿಷವೂ ತಡವಿಲ್ಲ. "ಹೇಳಿದ್ದೆನೋ ಇಲ್ಲೋ?" ಎಂದು ಹೆಮ್ಮೆಯಿಂದ ತಿರುಗಿದರೆ, ಚಿನ್ನಿ ಅಕ್ಕನ ಹೆಗಲ ಮೇಲೆ ಬಾಯಿ ತೆರೆದು ನಿದ್ದೆಹೋಗಿದ್ದಳು.

"ಪುರಾವಿ ಕೇಳಿದ್ದಿಯಲ್ಲ," ಎಂದಳು ಅಕ್ಕ, "ಇಕಾ, ಹೆಗಲ ಮ್ಯಾಲ ಅದ."

ಕೆನ್ನೆ ತಟ್ಟಿದೆವು, ನೀರು ಹಚ್ಚಿದೆವು. ಅರೆಗಣ್ಣು ತೆರೆದು ಒಲ್ಲೆ ಎಂದು ಒದ್ದಳು. ಹೆದರಿದ್ದಾಳೇನೋ ಎಂದುಕೊಂಡು, ಧೈರ್ಯ ತುಂಬಲು ನಾನೇ ಬಿಳಿ ಕುದುರೆಯ ಮೇಲೆ ಕೂತು ತೋರಿಸಿದೆ. ಅದೇ ಹೊತ್ತಿಗೆ ಆಟದವನು ಗುಂಡಿ ಒತ್ತಿದ. ಹಾಡು ಮೊದಲಾಯಿತು. ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, ಗೇಣುದ್ದದ ಲಗಾಮು ಹಿಡಿದು ನಾನು ಮೇಲೆ ಕೆಳಗೆ ಆಗುತ್ತ ಹೊರಟೆ. ಹಾಡಿಗೆ ಚಿನ್ನಿ ಪೂರ್ತಿ ಎಚ್ಚರಾದಳು. ಪ್ರತಿ ಸುತ್ತಿಗೂ ಅವಳ ಮುಖ ನನ್ನ ಮುಂದೆ ಬಂತು, ಹೋಯಿತು. "ನನ್ನ ಕುದುರಿ! ಮಾಮಾ ತಗೊಂಡ!" ಇಳಿಯಲಾಗದು. ಎದ್ದು ನಿಲ್ಲಲಾಗದು. ಅಷ್ಟು ದೀರ್ಘವಾದ ಪ್ರತಿವಾದವನ್ನು ಬಾಯಿ ಮುಚ್ಚಿಕೊಂಡು ಕೇಳಿದ್ದು ಜೀವನದಲ್ಲಿ ಅದೊಂದೇ ಸಲ.

ಇಳಿದ ಮೇಲೆ ಎಷ್ಟು ಬೇಡಿಕೊಂಡರೂ ಅವಳು ಹತ್ತಲಿಲ್ಲ. ಅಳುವುದಕ್ಕೇ ಉಸಿರು ಸಾಲದೆ ಬಿಕ್ಕುತ್ತಿದ್ದಳು. ಇತ್ತ ಊರಿಗೆ ಮರಳಲು ವಾಡಿ ಕಡೆಯ ರೈಲುಗಾಡಿಗೆ ಹೊತ್ತಾಗಿತ್ತು.

ಗಾಡಿಯಲ್ಲಿ ಮುತ್ಯಾ ಸೀಟಿನ ಮೇಲೆ ಕಂಬಳಿ ಹಾಸಿದ. ಚಿನ್ನಿ ಬಿದ್ದುಕೊಂಡಳು. ನಾನು ವೇಳಾಪಟ್ಟಿ ತೆಗೆದು ಎಲ್ಲಿ ತಪ್ಪಿತೆಂದು ಹುಡುಕಿದೆ. ಹನ್ನೊಂದರಲ್ಲಿ ಒಂಬತ್ತು ಆಟಗಳಿಗೆ ಅವಳ ಎತ್ತರವೇ ಸಾಲುತ್ತಿರಲಿಲ್ಲ. ಕಟಕಟೆಯಾಚೆ ನಿಂತು, ಮಾಮಾ ಕಿರುಚುವುದನ್ನು ನೋಡಿ ಚಪ್ಪಾಳೆ ತಟ್ಟಿ ತಟ್ಟಿಯೇ ಅವಳು ಸೋತದ್ದು. ಕೂಸಿನ ಹೆಸರಿನಲ್ಲಿ ಬರೆದ ಪಟ್ಟಿ ನನ್ನದೇ ಆಗಿತ್ತು. ಮುತ್ಯಾ ಹಂಗಿಸುತ್ತಾನೆಂದು ಕಾದೆ. ಅವನು ಕಂಬಳಿಯ ತುದಿಯನ್ನು ನನ್ನತ್ತ ಸರಿಸಿ, "ದಮ್ ತಗೋ ವಕೀಲಾ" ಎಂದನಷ್ಟೆ. ಹಂಗಿಸಿದ್ದರೇ ಚೆನ್ನಾಗಿತ್ತು.

ಬರುವ ಭಾನುವಾರ ಮತ್ತೆ ಅದೇ ಪಾರ್ಕಿಗೆ ಹೊರಟಿದ್ದೇವೆ. ಕಂಬಳಿ ಬಿಸಿಲು ಕಾಯುತ್ತಿರುವುದು ಅದಕ್ಕೇ. ಈಗ ಅದರ ಅಂಚಿನಲ್ಲಿ ಕೂತು ಹೊಸ ಪಟ್ಟಿ ಬರೆದೆ. ಮುತ್ಯಾನಿಗೆ ಅಕ್ಷರ ಬರುವುದಿಲ್ಲ, ಓದಿ ಹೇಳಿದೆ.

"ಹತ್ತಕ್ಕ ಕುದುರಿ. ಹನ್ನೊಂದಕ್ಕ ಕಂಬಳಿ. ಊಟ. ಮತ್ತ ಕಂಬಳಿ."

"ಆಮ್ಯಾಲ?"

"ಆಮ್ಯಾಲ ಚಿನ್ನಿ ಹೇಳಿದ್ದು."

ಮುತ್ಯಾ ಗಡ್ಡ ಕೆರೆದುಕೊಂಡ. "ಹೂಂ. ಈಗ ನಿನ್ನ ಮಾತಿನ್ಯಾಗ ದಮ್ ಅದ ನೋಡು."

ನನ್ನ ಜೇಬಿನಿಂದ ಎಳೆದುಕೊಂಡ ಗುಲಾಬಿ ಪಟ್ಟಿಯನ್ನು ಮುಂಗೈಗೆ ಸುತ್ತಿಕೊಳ್ಳುತ್ತಿದ್ದ ಚಿನ್ನಿ ತಲೆ ಎತ್ತಿದಳು. "ಮಾಮಾ, ಕುದುರಿ ಎರಡು ಸಲ ಬರಿ. ಹೋದ ವರ್ಷದ್ದೂ ಬಾಕಿ ಅದ."

ಪುರಾವೆ ಕೇಳಲಿಲ್ಲ. ಬರೆದೆ.