ಖಾಲಿ ಹಾಳೆಯ ಕೆಳಗೆ ನನ್ನ ಸಹಿ

ನಾನು ಪಾಠ ಹೇಳುವ ಕಾಲೇಜಿನಲ್ಲಿ ಪ್ರತಿ ವರ್ಷ ವಿದ್ಯಾರ್ಥಿ ಸಂಘದ ಪದಾಧಿಕಾರಿಗಳಿಗೆ ಒಂದು ದಿನದ ನಾಯಕತ್ವ ತರಬೇತಿ ನಡೆಯುತ್ತದೆ. ನಡೆಸುವವಳು ನಾನೇ. ಆದರೂ ನಾಯಕತ್ವ ತರಬೇತಿ ಎನ್ನುವ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಯಾಕೆ ಅಂತ ಹೇಳಬೇಕಾದರೆ ನಾನು ತರಬೇತಿ ತೆಗೆದುಕೊಂಡ ದಿನದಿಂದಲೇ ಶುರು ಮಾಡಬೇಕು.

ಆಗ ಮಾಗಡಿ ಕಡೆಯ ಒಂದು ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಹಿಂದಿನ ವರ್ಷ ಅಂಕ ಜಾಸ್ತಿ ಬಂದಿದ್ದವು ಎನ್ನುವ ಒಂದೇ ಕಾರಣಕ್ಕೆ ನನ್ನನ್ನು ಸಂಘದ ವಿದ್ಯಾರ್ಥಿನಿ ಪ್ರತಿನಿಧಿ ಮಾಡಿದರು. ಚುನಾವಣೆ ಇರಲಿಲ್ಲ, ನಿನಗೆ ಇಷ್ಟವೇ ಅಂತ ಕೇಳಿದವರೂ ಇರಲಿಲ್ಲ. ಸಮಿತಿಯಲ್ಲಿ ಒಂಬತ್ತು ಜನ ಹುಡುಗರು, ನಾನೊಬ್ಬಳು. ಕಾಲೇಜಿನಲ್ಲಿ ಮಾತ್ರ ಹುಡುಗಿಯರೇ ಹೆಚ್ಚು.

ತರಬೇತಿಗೆ ಬೆಂಗಳೂರಿನಿಂದ ಒಬ್ಬರು ಬಂದರು, ಎರಡು ಗಂಟೆ ತಡವಾಗಿ. ಕೋಟು ಹಾಕಿದ್ದರು. ನಮ್ಮ ಕೈಗೆ ಒಂದೊಂದು ಬಲೂನು ಕೊಟ್ಟು ಊದಿ ಅಂದರು. ಊದಿದೆವು. ಈಗ ಪಕ್ಕದವರ ಬಲೂನು ಒಡೆಯದೆ ನಿಮ್ಮ ಬಲೂನು ಕಾಪಾಡಿಕೊಳ್ಳಿ, ಇದೇ ನಾಯಕತ್ವ ಅಂದರು. ನಾಯಕನಾದವನು ಹದ್ದಿನ ಹಾಗೆ ಮೇಲಿಂದ ನೋಡಬೇಕಂತೆ. ಅತಿಥಿಗಳು ಬಂದಾಗ ಹಾರ ಯಾವ ಕೈಯಲ್ಲಿ ಹಿಡಿಯಬೇಕು, ವಂದನಾರ್ಪಣೆಯಲ್ಲಿ ಯಾರ ಹೆಸರು ಮೊದಲು ಬರಬೇಕು ಎನ್ನುವುದಕ್ಕೇ ಒಂದು ಗಂಟೆ ಹೋಯಿತು. ಸಭೆ ನಡೆಸುವುದು ಹೇಗೆ, ಒಪ್ಪದಿದ್ದರೆ ಒಪ್ಪಲಿಲ್ಲ ಅಂತ ಬರೆಸುವುದು ಹೇಗೆ, ಒಂದು ಮಾತಿಲ್ಲ.

ಅದನ್ನು ಕಲಿಸಿದವನು ನಮ್ಮ ಸಂಘದ ಅಧ್ಯಕ್ಷ. ಎಂ.ಎ. ಓದುತ್ತಿದ್ದ ದೊಡ್ಡ ಹುಡುಗ, ಎಲ್ಲರನ್ನೂ ಅಮ್ಮ, ಅಣ್ಣ ಅಂತಲೇ ಮಾತಾಡಿಸುವವನು. ತರಬೇತಿ ಮುಗಿಯುವ ಹೊತ್ತಿಗೆ ಅವತ್ತಿನ ಸಭೆಯ ನಡಾವಳಿ ಪುಸ್ತಕ ತಂದು ನನ್ನ ಮುಂದೆ ಇಟ್ಟ. ಹಾಳೆಯ ಮೇಲೆ ಏನೂ ಇಲ್ಲ, ಕೆಳಗೆ ಸಾಲಾಗಿ ಎಂಟು ಸಹಿ.

"ಇಲ್ಲಿ ಏನೂ ಬರ್ದಿಲ್ವಲ್ಲಣ್ಣ," ಅಂದೆ.

"ಆಮೇಲ್ ಬರ್ಕೋತೀವಿ ಕಣಮ್ಮ. ನಿಂಗ್ಯಾಕ್ ತಲೆನೋವು? ಒಸಿ ಸಹಿ ಹಾಕ್ಬುಡು, ಬಸ್ ಹೊಂಟೋಯ್ತದೆ."

ಅಲ್ಲಿ ಅದೇ ಪದ್ಧತಿ. ಸಭೆ ನಾಲ್ಕು ಗಂಟೆಗೆ. ಸೋಲೂರಿನ ಕಡೆಗೆ ಬಸ್ಸು ನಾಲ್ಕೂಕಾಲಿಗೆ, ಅದು ಬಿಟ್ಟರೆ ಆರಕ್ಕೆ. ಆರರ ಬಸ್ಸಿನಲ್ಲಿ ಮಗಳು ಬಂದರೆ ಅವತ್ತು ಮನೆಯಲ್ಲಿ ಪಂಚಾಯಿತಿ. ಹಾಗಾಗಿ ಬಸ್ಸಿಗೆ ಓಡುವವರು ಮೊದಲು ಸಹಿ ಮಾಡುವುದು, ಊರಲ್ಲೇ ಇರುವವರು ಕೂತು ಮಾತಾಡುವುದು, ಅಧ್ಯಕ್ಷ ಬಿಡುವಾದಾಗ ಬರೆಯುವುದು. ನಾನೂ ಸಹಿ ಮಾಡಿದೆ. ಆ ಇಡೀ ದಿನದಲ್ಲಿ ನನಗೆ ಸಿಕ್ಕ ನಿಜವಾದ ತರಬೇತಿ ಅದೊಂದೇ.

ನನಗೊಬ್ಬಳು ಗೆಳತಿ ಇದ್ದಳು. ನನ್ನದೇ ತರಗತಿ, ನಮ್ಮೂರ ಪಕ್ಕದ ಊರು, ಒಂದೇ ಬಸ್ಸು. ಕಬಡ್ಡಿಯಲ್ಲಿ ಅವಳು ರೈಡಿಗೆ ಇಳಿದರೆ ಎದುರಿಗಿದ್ದವರು ಹಿಂದೆ ಹಿಂದೆ ಸರಿಯುತ್ತಿದ್ದರು. ಮೊಣಕೈ ಮೊಣಕಾಲೆಲ್ಲ ತರಚಿಕೊಂಡು ಬಸ್ ಹತ್ತುವಳು. ಬಿ.ಪಿ.ಎಡ್. ಮಾಡಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಬೇಕು ಅಂತ ಅವಳ ಆಸೆ. ಅದಕ್ಕೆ ಅಂತರ ಕಾಲೇಜು ಪಂದ್ಯದಲ್ಲಿ ಆಡಿದ ಪ್ರಮಾಣಪತ್ರ ಬೇಕಿತ್ತು. ಹಿಂದಿನ ಎರಡು ವರ್ಷ ಹುಡುಗಿಯರ ತಂಡವನ್ನು ಕಳಿಸಿರಲೇ ಇಲ್ಲ. ಇದು ಕೊನೆಯ ವರ್ಷ.

ಆ ಸಲವೂ ಅದೇ ರಾಗ ಶುರುವಾಯಿತು. ಜೊತೆಗೆ ಹೋಗಲು ಮಹಿಳಾ ಸಿಬ್ಬಂದಿ ಇಲ್ಲ, ಎರಡು ದಿನ ಬೆಂಗಳೂರಿನಲ್ಲಿ ಹೆಣ್ಣುಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ನಾನು ನಮ್ಮ ಕನ್ನಡ ಮೇಡಂ ಹತ್ತಿರ ಹೋಗಿ ಕೇಳಿದೆ. "ನಾನ್ ಹೋಗ್ತೀನಿ. ಮೀಟಿಂಗಲ್ಲಿ ಹೇಳಿ ಬರೆಸು," ಅಂದರು ಮೇಡಂ. ಗೆಳತಿಗೆ ಹೇಳಿದಾಗ ಅವಳು ಕಾರಿಡಾರಿನಲ್ಲೇ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು.

ಸಭೆಯ ದಿನ ನಾಲ್ಕಕ್ಕೆ ಹೋದೆ. ಮೂವರು ಬಂದಿದ್ದರು. ನಾಲ್ಕೂ ಹತ್ತಾದರೂ ಶುರುವಾಗಲಿಲ್ಲ. ಅಧ್ಯಕ್ಷ ಪುಸ್ತಕ ಮುಂದೆ ತಳ್ಳಿದ. ಗೇಟಿನ ಆಚೆ ಬಸ್ಸು ಬಂದು ನಿಂತಿತ್ತು. ನನ್ನ ಗೆಳತಿ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು, ನನಗಾಗಿ ಕಂಡಕ್ಟರ್ ಹತ್ತಿರ ಜಗಳ ಆಡುತ್ತಿದ್ದಳು. "ಬ್ಯಾಗ ಬಾರೇ!" ಅಂತ ಕೂಗಿದ್ದು ಕಿಟಕಿಯಲ್ಲಿ ಕೇಳಿಸಿತು.

"ಅಣ್ಣ, ಕನ್ನಡ ಮೇಡಂ ಜೊತೇಲಿ ಬತ್ತಾರಂತೆ. ಕಬಡ್ಡಿ ಟೀಮ್ ಕಳ್ಸೋದು ಅಂತ ಬರ್ಕೊಳ್ಳಿ," ಅಂದೆ.

"ಹೂಂ ಕಣಮ್ಮ, ಬರ್ಕೋತೀನಿ. ನೀ ಹೋಗು."

ಖಾಲಿ ಹಾಳೆಗೆ ಸಹಿ ಮಾಡಿ ಓಡಿದೆ.

ಒಂದು ವಾರದ ಮೇಲೆ ಸೂಚನಾ ಫಲಕದಲ್ಲಿ ಹುಡುಗರ ತಂಡದ ಪಟ್ಟಿ ಬಂತು. ಹುಡುಗಿಯರದು ಇಲ್ಲ. ಗೆಳತಿಯನ್ನು ಕರೆದುಕೊಂಡು ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ನಿಧಾನವಾಗಿ ಪುಸ್ತಕ ತರಿಸಿ, ಕನ್ನಡಕ ಹಾಕಿಕೊಂಡು ಓದಿದರು. "ಮಹಿಳಾ ಸಿಬ್ಬಂದಿ ಲಭ್ಯವಿಲ್ಲದ ಕಾರಣ, ವಿದ್ಯಾರ್ಥಿನಿ ಪ್ರತಿನಿಧಿಯ ಒಪ್ಪಿಗೆಯೊಂದಿಗೆ, ಮಹಿಳಾ ತಂಡವನ್ನು ಈ ವರ್ಷ ಕಳುಹಿಸದಿರಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಬೆರಳು ಕೆಳಗೆ ಇಳಿಸಿ ನನ್ನ ಸಹಿಯ ಮೇಲಿಟ್ಟು, "ಇದು ನಿಂದೇ ತಾನೇ?" ಅಂದರು.

ನಾನು ಹಾಗೆ ಹೇಳಲಿಲ್ಲ ಸಾರ್, ಆಗ ಅಲ್ಲಿ ಏನೂ ಬರೆದಿರಲಿಲ್ಲ ಅಂದೆ. ಅವರು ನಕ್ಕರು. ಓದದೆ ಸಹಿ ಮಾಡುವವರು ಎಂಥಾ ನಾಯಕರಮ್ಮ, ತರಬೇತಿ ಕೊಡಿಸಿದ್ದೆವಲ್ಲ ಅಂದರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ. ಖಾಲಿ ಹಾಳೆ ಮುಂದಿಟ್ಟವನನ್ನು ಯಾರೂ ಕರೆಸಲಿಲ್ಲ. ಕನ್ನಡ ಮೇಡಂ ಬಂದು ಹೇಳಿದರೂ ಹೆಸರು ಕಳಿಸುವ ದಿನ ಮುಗಿದುಹೋಗಿತ್ತು. ಅಧ್ಯಕ್ಷನನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿದರೆ, "ಹೋದ್ ವರ್ಷದ್ದ ನೋಡ್ಕೊಂಡ್ ಬರ್ದೆ ಕಣಮ್ಮ, ಮರ್ತೋಯ್ತು," ಅಂದು ಬೋಂಡಾ ತಿಂದ. ದ್ವೇಷವೂ ಇಲ್ಲ, ಸಂಚೂ ಇಲ್ಲ. ಒಬ್ಬಳ ಬದುಕನ್ನು ಹೋದ ವರ್ಷದ ಸಾಲಿನಿಂದ ನಕಲು ಮಾಡಿದ್ದ, ಅಷ್ಟೇ. ಆ ಬೋಂಡಾ ತಟ್ಟೆಯನ್ನು ಅವನ ಮುಖಕ್ಕೆ ಎಸೆಯಲಿಲ್ಲವಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಬಸ್ಸಿನಲ್ಲಿ ಗೆಳತಿ ಅಳಲಿಲ್ಲ, ಬಯ್ಯಲೂ ಇಲ್ಲ. "ಅವ್ರ್ ಏನಾರ ಬರ್ಕೊಳ್ಳಿ. ಕೆಳ್ಗಡೆ ನಿನ್ ಸಹಿ ಐತಲ್ಲೇ," ಅಂದಳು. ಆಮೇಲೆ ಕಿಟಕಿ ಕಡೆ ತಿರುಗಿ ಕೂತಳು.

ಅವಳು ಪಿ.ಟಿ. ಟೀಚರ್ ಆಗಲಿಲ್ಲ. ಈಗ ಅವಳೂರಿನ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಒಮ್ಮೆ ಹೋಗಿದ್ದಾಗ ಹೇಳಿದಳು, ಸಭೆಯನ್ನು ಅವಳು ಬೆಳಿಗ್ಗೆ ಹಾಲು ಹಾಕುವ ಹೊತ್ತಿನಲ್ಲೇ ಇಡುತ್ತಾಳಂತೆ. "ಹೆಂಗಸ್ರೆಲ್ಲ ಕ್ಯಾನ್ ಹಿಡ್ಕಂಡು ಅಲ್ಲೇ ನಿಂತಿರ್ತಾರೆ. ಯಾರೂ ಎಲ್ಗೂ ಓಡಂಗಿಲ್ಲ." ನನ್ನ ಮುಖ ನೋಡಿ ಹೇಳಲಿಲ್ಲ, ಹಾಲು ಅಳೆಯುತ್ತಾ ಹೇಳಿದಳು. ಅಷ್ಟು ಕೇಳಿಸಿಕೊಂಡೂ ನನಗೆ ಬುದ್ಧಿ ಬರಲಿಲ್ಲ.

ಈಗ ನಾನಿರುವುದು ಕನಕಪುರದ ಕಡೆ. ನನ್ನ ತರಬೇತಿಯಲ್ಲಿ ಬಲೂನಿಲ್ಲ, ಹದ್ದಿಲ್ಲ. ಮಾತಾಡುತ್ತಲೇ ಒಂದು ಖಾಲಿ ಹಾಳೆಯನ್ನು ಕೈಯಿಂದ ಕೈಗೆ ಕಳಿಸುತ್ತೇನೆ. ಎಲ್ಲರೂ ಸಹಿ ಮಾಡುತ್ತಾರೆ. ವಾಪಸು ಬಂದ ಮೇಲೆ ಮೇಲ್ಗಡೆ ಬರೆದು ಜೋರಾಗಿ ಓದುತ್ತೇನೆ: "ಕೆಳಗೆ ಸಹಿ ಮಾಡಿದವರೆಲ್ಲರೂ ಈ ವರ್ಷ ಪರೀಕ್ಷೆಗೆ ಕೂರದಿರಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಮೊದಲು ನಗುತ್ತಾರೆ, ಆಮೇಲೆ ಹಾಳೆ ವಾಪಸು ಕೇಳುತ್ತಾರೆ. ಆಗ ಚೆನ್ನಾಗಿ ಬಯ್ಯುತ್ತೇನೆ. ಐದು ವರ್ಷದಿಂದ ಹೀಗೆ ಬಯ್ಯುತ್ತಿದ್ದೇನೆ, ನನ್ನ ಹಾಗೆ ಕಲಿಸುವವರಿಲ್ಲ ಅಂತ ಒಳಗೊಳಗೇ ಬೀಗುತ್ತಲೂ ಇದ್ದೆ.

ಈ ವರ್ಷ ಬಯ್ದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ದೊಡ್ಡಆಲಹಳ್ಳಿ ಕಡೆಯವಳು, ಈ ಸಲದ ವಿದ್ಯಾರ್ಥಿನಿ ಪ್ರತಿನಿಧಿ. ಬ್ಯಾಗು ಆಗಲೇ ಹೆಗಲ ಮೇಲಿತ್ತು, ಕೈಯಲ್ಲಿ ವರ್ಷದ ಸಭೆಗಳ ಸೂಚನಾ ಪತ್ರ.

"ಮೇಡಂ, ಓದ್ದೆ ಸಹಿ ಹಾಕ್ಬಾರ್ದು ಅಂತೀರಿ, ಸರಿ. ಮೀಟಿಂಗ್ ನಾಕಕ್ಕೆ ಅಂತ ಐತೆ. ನಮ್ ಬಸ್ಸು ನಾಕೂಕಾಲ್ಗೆ. ನಾಕಕ್ಕೆ ಇಟ್ಟೋರ್ ಯಾರು?"

ಕಚೇರಿಯವರು ಇರಬೇಕು, ಕೊಡು ನೋಡೋಣ ಅಂತ ಇಸಿದುಕೊಂಡೆ. ಎಲ್ಲ ಸಭೆಗಳೂ ಸಂಜೆ ನಾಲ್ಕು ಗಂಟೆಗೆ. ಸಂಚಾಲಕರು ಅಂತ ಇರುವ ಜಾಗದಲ್ಲಿ ನನ್ನ ಸಹಿ. ಪ್ರತಿ ಜೂನಿನಲ್ಲಿ ಕಚೇರಿಯವರು ಹೋದ ವರ್ಷದ ಪ್ರತಿಯನ್ನೇ ಕಾರಿಡಾರಿಗೆ ತಂದು ಹಿಡಿಯುತ್ತಾರೆ, ನಾನು ನಡೆಯುತ್ತಲೇ ಸಹಿ ಹಾಕಿ ತರಗತಿಗೆ ಹೋಗುತ್ತೇನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಐದು ವರ್ಷ, ಐದು ಜನ ಹುಡುಗಿಯರು. ಅವರು ಏನು ಹೇಳಬೇಕು ಅಂತ ಬಂದು ಹೇಳದೆ ಓಡಿದರೋ ನನಗೆ ಗೊತ್ತಿಲ್ಲ. ಅವತ್ತು ನನ್ನ ಮೇಲೆ ನನಗೆ ಬಂದ ಸಿಟ್ಟು ಆ ಅಧ್ಯಕ್ಷನ ಮೇಲೂ ಬಂದಿರಲಿಲ್ಲ.

ಅಲ್ಲೇ ನಾಲ್ಕು ಗಂಟೆ ಎನ್ನುವುದನ್ನು ಹೊಡೆದುಹಾಕಿ ಮಧ್ಯಾಹ್ನ ಒಂದೂವರೆ ಅಂತ ಬರೆದು ಪೆನ್ನನ್ನು ಸಹಿಯ ಜಾಗಕ್ಕೆ ಒಯ್ದೆ.

"ಪೂರ್ತಿ ಓದಿ ಹಾಕಿ ಮೇಡಂ," ಅಂದಳು ಹುಡುಗಿ.

ಮೊದಲಿನಿಂದ ಕೊನೆಯವರೆಗೆ, ಎಲ್ಲರಿಗೂ ಕೇಳುವ ಹಾಗೆ ಓದಿದೆ. ಅವಳು ನಿಂತೇ ಇದ್ದಳು. ಸಹಿ ಮಾಡಿ ತಲೆ ಎತ್ತುವ ಹೊತ್ತಿಗೆ ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ಅವಳ ಬಸ್ಸು ಹೋಗಿತ್ತು. ಆಮೇಲೆ ಅವಳು ಹೊರಗೆ ಕಟ್ಟೆಯ ಮೇಲೆ ಕೂತು ಮನೆಗೆ ಫೋನ್ ಮಾಡುತ್ತಿದ್ದುದು ನನಗೆ ಕೇಳಿಸಿತು.

"ಅವ್ವಾ, ಬಯ್ಬ್ಯಾಡ. ಆರ್ ಗಂಟೆ ಬಸ್ಗೆ ಬತ್ತೀನಿ. ಮೀಟಿಂಗ್ ಇತ್ತು. ಇವತ್ತೊಂದಿನ ಕಣವ್ವ, ಇನ್ಮೇಲೆ ಮಧ್ಯಾಹ್ನ."