ಬೇಸಿಗೆಯಲ್ಲಿ ಕೌದಿ ತಂದಾಕೆ

ನಮ್ಮ ಅನಾಥಾಶ್ರಮಕ್ಕೆ ದಾನ ಕೇಳಲು ಹೋಗುತ್ತಿದ್ದವರು ನಾವಿಬ್ಬರೇ, ಆಕೆ ಮತ್ತು ನಾನು. ಮಕ್ಕಳಿಗೆ ಫ್ಯಾನ್ ಕೊಡಿಸಿರೆಂದು ನಾನು ಬೇಸಿಗೆಯಲ್ಲಿ ಪಾರ್ವತಿನಗರವೆಲ್ಲ ಅಲೆದು ಬರಿಗೈಲಿ ಬಂದರೆ, ಆಕೆ ಆಟೋ ತುಂಬ ಕೌದಿ ತಂದು ಇಳಿಸುತ್ತಿದ್ದಳು. ಬಳ್ಳಾರಿಯ ಬಿಸಿಲಲ್ಲಿ ಕೌದಿ!

ಯಾರ ಮನೆಗೆ ಹೋದರೂ ಆಕೆಯ ಮಾತು ಒಂದೇ: "ನಾ ಏನೂ ಕೇಳಾಕ ಬಂದಿಲ್ರಿ." ಹಾಗೆಂದು ಕೂತು, ಚೀಲದಿಂದ ಹಳೇ ಸೀರೆಯ ತುಂಡೊಂದನ್ನು ತೆಗೆದು, ತೊಡೆಯ ಮೇಲಿಟ್ಟು ಅಂಗೈಯಿಂದ ಸುಕ್ಕು ಬಿಡಿಸುವಳು. "ನಮ್ಮ ಹುಡುಗ ಒಬ್ಬಾವ ಇದನ್ನ ಮಾರಿಗೆ ಒತ್ತಿಗೊಂಡು ಮಲಗತಾನ್ರಿ. ಅವರವ್ವಂದು." ಅಷ್ಟಕ್ಕೇ ಸಿರುಗುಪ್ಪದ ಅಕ್ಕಿ ಗಿರಣಿಯ ಸಾಹುಕಾರ ಎದ್ದು ಹೋಗಿ, ತನ್ನ ತಾಯಿಯ ಸೀರೆಗಳಿಂದ ಹೊಲಿದ ಕೌದಿಯನ್ನೇ ತಂದುಕೊಟ್ಟ. ಆ ಹುಡುಗ ತುಂಡನ್ನು ಬಿಟ್ಟು ಎಷ್ಟೋ ವರ್ಷವಾಗಿ, ಅವನಿಗೆ ಮೀಸೆ ಬಂದಿತ್ತು. ನನ್ನ ಹೊಟ್ಟೆ ಉರಿಯದೆ ಇರುತ್ತದೆಯೇ? ಕುರುಗೋಡಿನ ಒಂದು ಮನೆಯಲ್ಲಿ ನಾನೂ ಹಾಗೇ ಒಂದು ಸೀರೆ ತುಂಡು ತೆಗೆದೆ. ಮನೆಯಾಕೆ, "ಬೆವರು ಒರಿಸ್ಕೋರಿ, ನೀರು ತರ್ತೀನಿ" ಎಂದು ಒಳಗೆ ಹೋದಳು.

ಒಮ್ಮೆ ಆಕೆ ಕಂಟೋನ್ಮೆಂಟಿನ ನಮ್ಮ ಮನೆಗೆ ಚಹಾಕ್ಕೆ ಬಂದಳು. ಚಹಾ ಆರುವಷ್ಟರಲ್ಲಿ ನನ್ನ ಹೆಂಡತಿ, ನನಗೂ ಮುಟ್ಟಗೊಡದಿದ್ದ ತನ್ನ ತವರಿನ ಕೌದಿಯನ್ನು ಮಡಚಿ ಆಕೆಯ ಕೈಗಿಟ್ಟಳು. ಆಕೆ ಹೋದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನನ್ನ ಮೇಲೇ ತಿರುಗಿದಳು: "ಇಂಥಾ ಹುಡುಗ್ರು ಅದಾರಂತ ನೀವು ಒಂದಿನಾನೂ ಹೇಳಲಿಲ್ಲ ನೋಡ್ರಿ."

ಮದುವೆಯಾದಾಗಿನಿಂದ ದಿನಾ ಊಟಕ್ಕೆ ಕೂತು ನಾನು ಹೇಳುತ್ತ ಬಂದದ್ದು ಆ ಹುಡುಗರ ಮಾತೊಂದನ್ನೇ.