ಟವಲು ಹೊದಿಸಿದ ಪುಟ

ಬೆಳಗಿನ ಐದೂಮುಕ್ಕಾಲು ಗಂಟೆ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಲ್ಲಿ ಅಂಬುಜಮ್ಮ ರೇಷ್ಮೆಹುಳುವಿಗೆ ಮೊದಲ ಸೊಪ್ಪು ಹಾಕಿ ಮುಗಿಸಿದ್ದಾರೆ. ಹುಳುವಿನ ಮನೆಯ ಬಾಗಿಲು ಮುಂದಕ್ಕೆ ಮಾಡಿ, ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತಾ ಜಗುಲಿಗೆ ಬರುತ್ತಾರೆ. ಅಲ್ಲಿ ಗಂಡ ಚೆಲುವಯ್ಯ ಗೋಡೆಗೆ ಒರಗಿ ಕೂತಿದ್ದಾರೆ. ಹೆಗಲ ಮೇಲೆ ಕೆಂಪು ಅಂಚಿನ ಬಿಳಿ ಟವಲು. ಅಂಬುಜಮ್ಮ ಅವರ ತೊಡೆಯ ಮೇಲೆ ಒಂದು ಹಾಳೆ ಇಡುತ್ತಾರೆ, ಪಕ್ಕದಲ್ಲಿ ರಟ್ಟು ಕತ್ತರಿಸಿ ಮಾಡಿದ ಫೋನೊಂದನ್ನು ಇಡುತ್ತಾರೆ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಎದುರಿಗೆ ಕೂರುತ್ತಾರೆ.

“ಒಸಿ ಇದ್ನ ಓದಿ.”

“ಏನಿದು?”

“ಫೋನ್ನಲ್ಲಿ ಗೂಡು ಮಾರೋದು.”

“ಗೂಡು ಮಾರೋದ ನಂಗೇ ಯೋಳ್ಕೊಡ್ತೀಯೇನಮ್ಮಿ?” ಎಂದು ಚೆಲುವಯ್ಯ ನಗುತ್ತಾರೆ. ಈ ಮಾತನ್ನು ಅವರು ನಿನ್ನೆಯೂ ಆಡಿದ್ದರು, ಮೊನ್ನೆಯೂ ಆಡಿದ್ದರು. ಅಂಬುಜಮ್ಮ ಮೊದಲ ಸಲ ಕೇಳಿದವರ ಹಾಗೆ ನಗುತ್ತಾರೆ.

ಚೆಲುವಯ್ಯ ಬೆರಳಿಟ್ಟು ಓದುತ್ತಾರೆ. ‘ಬಂದ ಬೆಲೆ ನಿಮಗೆ ಹಿಡಿಸದಿದ್ದರೆ ಕೆಂಪು ಗುಂಡಿ ಒತ್ತಿ.’ ಓದಿನಲ್ಲಿ ತಡವರಿಕೆ ಇಲ್ಲ. “ಈಗ ಬೆಲೆ ಬಂದೈತೆ, ಸಾಲದು. ಏನ್ ಮಾಡ್ತೀರಿ?” ಎಂದು ಅಂಬುಜಮ್ಮ ಕೇಳುತ್ತಾರೆ. ಚೆಲುವಯ್ಯ ರಟ್ಟಿನ ಫೋನನ್ನು ನೋಡುತ್ತಾರೆ, ಅಂಗಳವನ್ನು ನೋಡುತ್ತಾರೆ, ಸುಮ್ಮನಾಗುತ್ತಾರೆ. ಅಂಬುಜಮ್ಮ ಹದಿನೈದು ನಿಮಿಷ ಕಾಯುತ್ತಾರೆ. ನಿಜವಾದ ಫೋನು ಕೊಡುವ ಸಮಯವೂ ಅಷ್ಟೇ. ಆಮೇಲೆ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಾರೆ. ಮಾಡಿ ತೋರಿಸದ ದಿನಕ್ಕೊಂದು ಚುಕ್ಕೆ; ಇಪ್ಪತ್ತೆಂಟನೆಯ ಪುಟಕ್ಕೆ ಇದು ಒಂಬತ್ತನೆಯದು.

ಅಂಬುಜಮ್ಮನಿಗೆ ಐವತ್ತೆಂಟು ವರ್ಷ, ಓದಿದ್ದು ಎಂಟನೆಯ ತರಗತಿ. ಒಂದೂವರೆ ಎಕರೆ ಹಿಪ್ಪುನೇರಳೆ, ವರ್ಷಕ್ಕೆ ಐದಾರು ಬೆಳೆ, ಒಂದೊಂದು ಬೆಳೆಗೆ ಇನ್ನೂರು ಮೊಟ್ಟೆಯ ಹುಳು ಮೇಯಿಸುತ್ತಾರೆ; ಒಂದು ಚಿಟ್ಟೆ ಇಟ್ಟಷ್ಟನ್ನೂ ಸೇರಿಸಿ ಒಂದು ಮೊಟ್ಟೆ ಎನ್ನುವುದು ಇಲ್ಲಿನ ಲೆಕ್ಕ. ದಿನಕ್ಕೆ ಮೂರು ಹೊತ್ತು ಸೊಪ್ಪು, ನಡುವೆ ಕಸ ತೆಗೆಯುವುದು, ಮನೆಗೆಲಸ, ಗಂಡನ ಸ್ನಾನ, ಊಟ, ಮಾತ್ರೆ. ಇಷ್ಟರ ನಡುವೆ ಮಿಕ್ಕ ಎರಡು ಗಂಟೆಯಲ್ಲಿ ಅವರು ಪುಸ್ತಕ ಬರೆಯುತ್ತಾರೆ. ಗೂಡು ಮಾರುವ ಆ್ಯಪನ್ನು ಮೊದಲ ಸಲ ಕೈಗೆ ಹಿಡಿದವರಿಗೆ ದಾರಿ ತೋರುವ, ಮೂವತ್ತೊಂದು ಪುಟದ ಸಣ್ಣ ಪುಸ್ತಕ. ಅದಕ್ಕೆ ಹಿಡಿದದ್ದು ಒಂದೂವರೆ ವರ್ಷ, ನಾಲ್ಕು ನೋಟ್‌ಬುಕ್ಕು. ಸೋಲೂರಿಗೆ ಕೊಟ್ಟಿರುವ ಮಗಳು ಭಾನುಪ್ರಿಯ ಬಂದಾಗೆಲ್ಲ ಮುಗಿದ ಪುಟಗಳನ್ನು ಟೈಪ್ ಮಾಡಿ ಕೊಡುತ್ತಾಳೆ.

ಆ ಆ್ಯಪನ್ನು ಇಲ್ಲಿನ ಬೆಳೆಗಾರರ ಸಂಘ ಒಂದು ಖಾಸಗಿ ಕಂಪನಿಯಿಂದ ತಂದು ಮೂರು ವರ್ಷವಾಯಿತು. ಗೂಡಿನ ತೂಕ, ತಳಿ, ಫೋಟೋ ಹಾಕಿದರೆ ನೂಲು ತೆಗೆಯುವ ರೀಲರುಗಳು ತಮ್ಮ ಜಾಗದಿಂದಲೇ ಬೆಲೆ ಕೂಗುತ್ತಾರೆ. ಕೊನೆಯ ಬೆಲೆ ರೈತನ ಫೋನಿನಲ್ಲಿ ಮೂಡುತ್ತದೆ. ಹಸಿರು ಗುಂಡಿ ಒತ್ತಿದರೆ ಕೊಟ್ಟಂತೆ, ಕೆಂಪು ಒತ್ತಿದರೆ ಬೇಡ ಎಂದಂತೆ. ಹೇಳುವುದಕ್ಕೆ ಇಷ್ಟೇ. ಆದರೆ ಕಂಪನಿ ಹಂಚಿದ ಕರಪತ್ರದ ತಳದಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ‘ನಿಗದಿತ ಅವಧಿಯೊಳಗೆ ಪ್ರತಿಕ್ರಿಯೆ ದಾಖಲಾಗದಿದ್ದಲ್ಲಿ ಸಮ್ಮತಿಯೆಂದು ಪರಿಗಣಿಸಲಾಗುವುದು.’ ಅದನ್ನು ಯಾರೂ ಓದಲಿಲ್ಲ. ಓದಿದವರಿಗೂ ತಲೆಗೆ ಹೋಗಲಿಲ್ಲ.

ಗೂಡು ಕೇಳಲು ಬಂದವರ ಮುಖಕ್ಕೆ ‘ಇಲ್ಲ’ ಎನ್ನುವುದು ಚೆಲುವಯ್ಯನವರ ಮನೆತನದಲ್ಲಿ ಇರಲಿಲ್ಲ. ಸುತ್ತಿನ ಹಿರಿಯರಲ್ಲೂ ಹಾಗೇ. ಬೆಲೆ ಹಿಡಿಸದಿದ್ದರೆ ಹೆಗಲ ಮೇಲಿನ ಟವಲು ತೆಗೆದು ಗೂಡಿನ ರಾಶಿಗೆ ಹೊದಿಸುವುದು. ಆಮೇಲೆ ಬೇರೆ ಮಾತು ತೆಗೆಯುವುದು, ಹೆಚ್ಚಾಗಿ ಮಳೆಯ ಮಾತು. ಬಂದವರಿಗೆ ಅರ್ಥವಾಗುತ್ತದೆ. ಬೆಲೆ ಏರಿಸುವವರು ಏರಿಸುತ್ತಾರೆ, ಉಳಿದವರು ಮಳೆಯ ಮಾತಿಗೆ ಹೂಂಗುಟ್ಟಿ, ಕಾಫಿ ಕುಡಿದು ಎದ್ದು ಹೋಗುತ್ತಾರೆ. ಯಾರಿಗೂ ಮುಖಭಂಗವಿಲ್ಲ.

ಆ್ಯಪ್ ಬಂದ ಮೊದಲ ಶ್ರಾವಣದಲ್ಲಿ ಚೆಲುವಯ್ಯನವರ ಫೋನಿನಲ್ಲೂ ಒಂದು ಬೆಲೆ ಮೂಡಿತು. ಬಹಳ ಕಡಿಮೆ ಬೆಲೆ. ಚೆಲುವಯ್ಯ ಫೋನನ್ನು ರಾಶಿಯ ಮೇಲಿಟ್ಟರು. ಎರಡಕ್ಕೂ ಸೇರಿಸಿ ಟವಲು ಹೊದಿಸಿದರು. ಪಕ್ಕದ ಮನೆಯ ಬೀರಯ್ಯನ ಕುರಿ ಹಟ್ಟಿಗೆ ಹೋಗಿ ಮಾತಾಡುತ್ತಾ ನಿಂತರು. ತಿರುಗಿ ಬಂದು ಟವಲು ಎತ್ತುವಷ್ಟರಲ್ಲಿ ಗೂಡು ಮಾರಾಟವಾಗಿ ಹೋಗಿತ್ತು. “ನಾನು ಬ್ಯಾಡ ಅಂದಿದ್ನಲ್ಲ,” ಎಂದು ಸಂಜೆಯವರೆಗೂ ಅದೊಂದನ್ನೇ ಹೇಳುತ್ತಿದ್ದರಂತೆ.

ಊರಿಗೆ ಅದು ನಗುವ ಸಂಗತಿಯಾಯಿತು. ‘ಚೆಲುವಯ್ಯ ಫೋನ್‌ಗೆ ಚಳಿ ಆಯ್ತದೆ ಅಂತ ಹೊದಿಸಿ ಮಲಗ್ಸವ್ನೆ’ ಎಂದು ಹೋಟೆಲಿನ ಮುಂದೆ ಆಡಿಕೊಂಡರು. ಎಂಟು ತಿಂಗಳ ಮೇಲೆ ಬೆಂಗಳೂರಿನ ಡಾಕ್ಟರು ಚೆಲುವಯ್ಯನವರಿಗೆ ಮರೆವಿನ ಕಾಯಿಲೆ ಎಂದು ಬರೆದುಕೊಟ್ಟಾಗ ಆ ನಗು ನಿಂತಿತು. ಅದರ ಜಾಗಕ್ಕೆ ಇನ್ನೊಂದು ಮಾತು ಬಂತು: ‘ಪಾಪ, ಟವಲು ಹೊದಿಸಿದ ದಿನಾನೇ ಶುರುವಾಗಿತ್ತು.’ ಅಂಬುಜಮ್ಮನಿಗೆ ನಗುವಿಗಿಂತ ಹೆಚ್ಚು ಚುಚ್ಚಿದ್ದು ಈ ಪಾಪ.

“ಆಮೇಲೆ ಬಂತು ಕಾಯ್ಲೆ. ನಾನೇನು ಇಲ್ಲ ಅಂತೀನಾ? ದಿನಾ ನೋಡೋಳು ನಾನೇ,” ಎನ್ನುತ್ತಾರೆ ಅವರು. “ಆದ್ರೆ ಅವತ್ತು ತಲೆ ಸರ್ಯಾಗಿತ್ತು. ಅವರಪ್ಪ ಹೆಂಗೆ ಬ್ಯಾಡ ಅಂತಿದ್ರೋ ಹಂಗೇ ಬ್ಯಾಡ ಅಂದ್ರು. ಆ ಫೋನಿಗೆ ಗೊತ್ತಾಗ್ನಿಲ್ಲ, ಅಷ್ಟೇಯ.”

ಟವಲು ಹೊದಿಸಿದ ತಿಂಗಳಲ್ಲೇ ಇನ್ನಿಬ್ಬರ ಗೂಡು ಹೀಗೆಯೇ ಹೋದದ್ದು ಅವರಿಗೆ ಗೊತ್ತಿತ್ತು. ಆ ಇಬ್ಬರ ಮನೆಯ ಹೆಂಗಸರಿಗೆ ಹೇಳಿಕೊಡಲೆಂದು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಮಾತು ಬರೆದಿಟ್ಟರು. ಸಂಘದ ಕಾರ್ಯದರ್ಶಿ ನಾಗರಾಜು ಅದನ್ನು ನೋಡಿ, “ಕಂಪನಿಯೋರ ಕನ್ನಡ ನಂಗೇ ಅರ್ಥ ಆಗಲ್ಲ ಅಕ್ಕ. ನೀವೇ ಪೂರ್ತಿ ಬರೀರಿ, ಐನೂರು ಪ್ರತಿ ಹಾಕ್ಸಾಣ,” ಎಂದ. ಹಾಗೆ ಶುರುವಾಯಿತು ಪುಸ್ತಕ.

ಬರೆದ ಪುಟ ಸರಿಯಾಗಿದೆಯೇ ಎಂದು ನೋಡಲು ಓದುವವರೊಬ್ಬರು ಬೇಕಿತ್ತು. ಅಕ್ಕಪಕ್ಕದವರಿಗೆ ಎರಡು ಸಲ ಓದಿಸಿದರೆ ಮೂರನೆಯ ಸಲಕ್ಕೆ ಅವರು ಹೊಸಬರಾಗಿ ಉಳಿಯುವುದಿಲ್ಲ, ಪುಟ ತಪ್ಪಿದ್ದರೂ ಕೈ ತಾನಾಗಿ ಸರಿಯಾದ ಕಡೆ ಹೋಗುತ್ತದೆ. ಚೆಲುವಯ್ಯ ಹಾಗಲ್ಲ. ನಿನ್ನೆ ಓದಿದ್ದು ಇವತ್ತಿಗೆ ಇಲ್ಲ. ಪ್ರತಿ ಬೆಳಗ್ಗೆ ಅವರು ಹೊಸದಾಗಿ ಬಂದು ಕೂರುತ್ತಾರೆ. ಅವರು ಓದಿ, ರಟ್ಟಿನ ಫೋನಿನಲ್ಲಿ ಮಾಡಿ ತೋರಿಸುವವರೆಗೆ ಪುಟ ಪುಸ್ತಕಕ್ಕೆ ಹೋಗಬಾರದು ಎಂಬುದು ಅಂಬುಜಮ್ಮ ತಮಗೆ ತಾವೇ ಹಾಕಿಕೊಂಡ ಕಟ್ಟು.

ಫೋಟೋ ತೆಗೆಯುವ ಹನ್ನೊಂದನೆಯ ಪುಟ ಓದಿದಾಗ ಚೆಲುವಯ್ಯ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರಂತೆ. ಒಳಗಿನ ಹುಳು ಗಟ್ಟಿಯಾಗಿದ್ದರೆ ಗಲಗಲ ಎನ್ನುತ್ತದೆ, ಹಸಿಯಾಗಿದ್ದರೆ ಸದ್ದಿಲ್ಲ. “ಫೋಟೋ ತೆಗುದ್ರೆ ಅವ್ರಿಗೆ ಸದ್ದು ಕೇಳ್ತದಾ?” ಎಂದು ಕೇಳಿದರು. ಅಂಬುಜಮ್ಮ ಹನ್ನೊಂದನೆಯ ಪುಟದ ತಲೆಯಲ್ಲಿ ಬರೆದರು: ‘ಮೊದಲು ಅಲ್ಲಾಡಿಸಿ ಕೇಳಿ. ಸದ್ದು ಬಾರದಿದ್ದರೆ ಫೋನು ಕೆಳಗಿಡಿ, ಇನ್ನೆರಡು ದಿನ ತಡೆಯಿರಿ.’ ಹೀಗೆ ಅವರು ಎಡವಿದ ಕಡೆಯಲ್ಲೆಲ್ಲ ಪುಸ್ತಕ ನೆಟ್ಟಗಾಯಿತು.

“ಅವ್ರು ಮರ್ತಷ್ಟೂ ನನ್ನ ಬುಕ್ಕು ಚೆಂದಾಗ್ತದೆ,” ಎಂದು ಅಂಬುಜಮ್ಮ ಪೆನ್ಸಿಲ್ ನೋಡುತ್ತಾ ಹೇಳುತ್ತಾರೆ. “ಬೇಗ ಮುಗುಸ್ಬೇಕು, ಇಲ್ಲಾಂದ್ರೆ ಓದೋದೂ ಮರ್ತು ಬುಡ್ತಾರೆ ಅಂತ ನಾನು ಓಡೋದು. ಒಂದೊಂದ್ಸಲ ಅವ್ರು ತಡವರಿಸ್ದಾಗ ಸಿಕ್ತು ತಪ್ಪು ಅಂತ ಖುಷಿ ಆಯ್ತದೆ ನೋಡಿ. ಆಮೇಲೆ ನಂಗೇ ಅಸಯ್ಯ ಆಯ್ತದೆ.”

ಈ ಪರೀಕ್ಷೆಯಲ್ಲಿ ಇಪ್ಪತ್ತೇಳು ಪುಟ ದಾಟಿದವು. ಇಪ್ಪತ್ತೆಂಟು, ಅಂದರೆ ಬೇಡ ಎನ್ನುವ ಪುಟ, ದಾಟಲಿಲ್ಲ. ಮೂರು ಸಲ ಸಾಲು ಬದಲಾಯಿಸಿದರು, ಅಕ್ಷರ ದಪ್ಪ ಮಾಡಿದರು, ಗುಂಡಿಗೆ ಕುಂಕುಮದ ಬಣ್ಣ ಹಚ್ಚಿದರು. ಚೆಲುವಯ್ಯ ಓದುತ್ತಾರೆ, ಸುಮ್ಮನಾಗುತ್ತಾರೆ. ನಾಗರಾಜು ಎರಡು ದಿನಕ್ಕೊಮ್ಮೆ ಬೈಕ್ ನಿಲ್ಲಿಸುತ್ತಾನೆ.

“ಅಕ್ಕ, ಪ್ರೆಸ್ಸಿನೋರು ಕೇಳ್ತಾವ್ರೆ. ಆ ಒಂದು ಪುಟ ಬುಟ್ಟು ಕೊಟ್ಬುಡಿ.”

“ಆ ಪುಟಕ್ಕೇ ಕಣಪ್ಪ ನಾನು ಬುಕ್ ಬರ್ಯಾಕೆ ಕೂತಿದ್ದು. ಅದ್ನೇ ಬುಟ್ಟು ಕೊಡು ಅಂದ್ರೆ?”

“ಭಾವಂಗೆ ಅರ್ಥ ಆಗ್ನಿಲ್ಲ ಅಂದ್ರೆ ಬ್ಯಾರೆಯೋರ್ಗೂ ಆಗಲ್ವಾ?”

“ನಿಮ್ ಭಾವಂಗೆ ಆಗೋವರ್ಗೂ ನಂಗೂ ಅರ್ಥ ಆಗಿಲ್ಲ ಅಂತ ತಿಳ್ಕೊ.”

ಫೋನಿಗೆ ಟವಲು ಹೊದಿಸಿದ ಆ ದಿನದ ಗೂಡನ್ನು ಕೊಂಡವರು ರಾಮನಗರದ ಮಿಸ್ಬಾ. ಆರು ಬೇಸಿನ್ನಿನ ನೂಲು ತೆಗೆಯುವ ಘಟಕ ನಡೆಸುವ ಅವರಿಗೆ ಚೆಲುವಯ್ಯನವರ ಟವಲಿನ ಪರಿಚಯ ಹಳೆಯದು. “ಮುಂಚೆ ಟವಲ್ ಬಿತ್ತು ಅಂದ್ರೆ ನಾವು ಹತ್ತು ರೂಪಾಯಿ ಏರಿಸ್ತಿದ್ವಿ,” ಎನ್ನುತ್ತಾರೆ ಮಿಸ್ಬಾ. “ಅವತ್ತು ಫೋನಲ್ಲಿ ‘ಲಾಟು ನಿಮ್ಮದಾಯಿತು’ ಅಂತ ಬಂತು, ಅಷ್ಟೇ. ಯಜಮಾನ್ರು ಬೇಡ ಅಂದಿದ್ರು ಅನ್ನೋದು ಅಂಬುಜಕ್ಕ ಹೇಳೋವರ್ಗೂ ನಂಗೆ ಗೊತ್ತೇ ಇರ್ಲಿಲ್ಲ. ಗೊತ್ತಿದ್ರೆ ತಗೋತಿದ್ನಾ?”

ಇಪ್ಪತ್ತೆಂಟನೆಯ ಪುಟದ ಹನ್ನೆರಡನೆಯ ಬೆಳಗ್ಗೆ ಅಂಬುಜಮ್ಮ ಅದೇ ಹಾಳೆಯನ್ನು ಅದೇ ತೊಡೆಯ ಮೇಲೆ ಇಡುತ್ತಾರೆ. ಚೆಲುವಯ್ಯ ಅರ್ಧ ಸಾಲು ಓದಿ ನಿಲ್ಲಿಸುತ್ತಾರೆ. ಹೆಗಲ ಮೇಲಿನ ಟವಲು ತೆಗೆದು ಒಮ್ಮೆ ಕೊಡವುತ್ತಾರೆ. ಹಾಳೆಯನ್ನೂ ರಟ್ಟಿನ ಫೋನನ್ನೂ ಸೇರಿಸಿ ಹೊದಿಸಿ, ಅಂಚುಗಳನ್ನು ನಾಲ್ಕೂ ಕಡೆ ಒಳಕ್ಕೆ ಸಿಕ್ಕಿಸುತ್ತಾರೆ. ಆಮೇಲೆ ಅಂಗಳದ ಕಡೆ ಮುಖ ತಿರುಗಿಸುತ್ತಾರೆ.

“ಮೋಡ ಕಟ್ಟೈತೆ ಕಣಮ್ಮಿ. ಮಳೆ ಬಂದಾತು.”

ಆಕಾಶದಲ್ಲಿ ಹತ್ತಿಯೆಳೆಯಷ್ಟು ಮೋಡವೂ ಇಲ್ಲ. ಅಂಬುಜಮ್ಮ ಒಂದು ಗಳಿಗೆ ಟವಲನ್ನೇ ನೋಡುತ್ತಾರೆ. ಗೂಡು ಸಿಗದೆ ಬರಿಗೈಯಲ್ಲಿ ಏಳುವ ವ್ಯಾಪಾರಿಗಳು ಏನು ಹೇಳಬೇಕೋ ಅದನ್ನೇ ಅವರೂ ಹೇಳುತ್ತಾರೆ. “ಹೂಂ, ಬಂದಾತು. ಕಾಫಿ ಕುಡಿಯಾಣ.”

ಅವತ್ತು ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದರೂ ಅವರಿಗೆ ತಿಳಿಯಲಿಲ್ಲವಂತೆ. ಮಧ್ಯಾಹ್ನದ ಸೊಪ್ಪು ಹಾಕಿ ಬಂದವರೇ ಹಳೆಯ ಪುಟವನ್ನು ಪೂರ್ತಿ ಅಳಿಸಿದರು. ಗೂಡಿನ ರಾಶಿಯ ಚಿತ್ರ ಬರೆದು ಅದರ ಮೇಲೆ ಕೆಂಪು ಅಂಚಿನ ಟವಲು ಬರೆದರು. ಪಕ್ಕದಲ್ಲಿ ಫೋನು, ಕೆಂಪು ಗುಂಡಿಯ ಮೇಲೂ ಅಂಥದೇ ಪುಟ್ಟ ಟವಲು. ಕೆಳಗೆ ಐದು ಸಾಲು: ‘ಬೆಲೆ ಹಿಡಿಸದಿದ್ದರೆ ನೀವು ರಾಶಿಗೆ ಟವಲು ಹೊದಿಸುತ್ತೀರಿ. ಫೋನಿಗೆ ಟವಲು ಕಾಣುವುದಿಲ್ಲ. ಅದರ ಟವಲು ಈ ಕೆಂಪು ಗುಂಡಿ. ಹದಿನೈದು ನಿಮಿಷದೊಳಗೆ ಒತ್ತಿ. ಸುಮ್ಮನಿದ್ದರೆ ಕೊಟ್ಟಿರಿ ಎಂದು ತಿಳಿಯುತ್ತದೆ.’

ಬೀರಯ್ಯನಿಗೆ ಅಕ್ಷರ ಅಷ್ಟಕ್ಕಷ್ಟೆ. ಬೇಲಿಯ ಮೇಲಿನಿಂದಲೇ ಪುಟ ಇಸಿದುಕೊಂಡು ನೋಡಿ, “ಇದ್ನ ನಮ್ ಟಗರಿಗೆ ತೋರ್ಸುದ್ರೂ ಒತ್ತುತ್ತದೆ ಕಣಕ್ಕ,” ಎಂದನಂತೆ. ಆಮೇಲೆ ಚಿತ್ರವನ್ನು ಮತ್ತೊಮ್ಮೆ ನೋಡಿದನಂತೆ. “ಅವತ್ತು ಅಣ್ಣ ನಮ್ಮಟ್ಟಿಗೆ ಬಂದು ಮಳೆ ಮಾತೇ ಆಡ್ತಿದ್ದ. ನಂಗೂ ವೊಳೀನಿಲ್ಲ.”

ಮರುದಿನ ಬೆಳಗ್ಗೆ ಹೊಸ ಪುಟ ಹಿಡಿದು ಅಂಬುಜಮ್ಮ ಜಗುಲಿಗೆ ಬಂದಾಗ ಚೆಲುವಯ್ಯ ಕಾಲು ಮಡಿಸಿಕೊಂಡು ಜಾಗ ಬಿಟ್ಟರು. “ಬನ್ನಿ, ಕೂತ್ಕೊಳ್ಳಿ. ಸಂಘದಿಂದ ಬಂದ್ರಾ?” ಎಂದು ಕೇಳಿದರು.

“ಮೂವತ್ತೊಂಬತ್ತು ವರ್ಸದಲ್ಲಿ ನಂಗೆ ‘ಬನ್ನಿ’ ಅಂದಿದ್ದು ಅದೇ ಮೊದ್ಲು,” ಎನ್ನುತ್ತಾರೆ ಅಂಬುಜಮ್ಮ. ಹೇಳಿ, ಸೆರಗಿನ ತುದಿ ಮಡಿಸುತ್ತಾ ಬಿಚ್ಚುತ್ತಾ ಕೂರುತ್ತಾರೆ. “ಹೌದು, ಸಂಘದಿಂದ ಬಂದೆ ಅಂದೆ. ಇನ್ನೇನು ಅನ್ಲಿ?” ಹಾಳೆಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡರು. ಅವತ್ತಿನಿಂದ ಚೆಲುವಯ್ಯ ಓದಿಲ್ಲ. ಅಕ್ಷರದ ಮೇಲೆ ಬೆರಳಿಡುತ್ತಾರೆ, ಬೆರಳು ಮುಂದಕ್ಕೆ ಹೋಗುವುದಿಲ್ಲ.

ಇಪ್ಪತ್ತೆಂಟನ್ನು ಬೀರಯ್ಯನಾದರೂ ನೋಡಿದ್ದ; ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದನೆಯ ಪುಟಗಳು ಹಾಗೆಯೇ ಅಚ್ಚಿಗೆ ಹೋಗಿವೆ. ಅವುಗಳ ತಲೆಯಲ್ಲಿ ಅಂಬುಜಮ್ಮ ಒಂದು ಸಾಲು ಸೇರಿಸಿದ್ದಾರೆ: ‘ಈ ಮೂರು ಪುಟವನ್ನು ಯಾರೂ ಓದಿ ನೋಡಿಲ್ಲ. ತಪ್ಪು ಕಂಡರೆ ಫೋನ್ ಮಾಡಿ.’ ಕೆಳಗೆ ತಮ್ಮ ನಂಬರು ಕೊಟ್ಟಿದ್ದಾರೆ. ಸುಮ್ಮನಿದ್ದವರನ್ನು ಒಪ್ಪಿದವರೆಂದು ತಿಳಿಯುವ ಕಟ್ಟಳೆಯನ್ನು ಬದಲಾಯಿಸಿ ಎಂದು ಸಂಘದ ಮೂಲಕ ಕಂಪನಿಗೆ ಎರಡು ಪತ್ರ ಬರೆಸಿದ್ದಾರೆ. ಅದೊಂದು ಆದರೆ ಸಾಕು, ಪುಸ್ತಕವೇ ಬೇಡವಾಗುತ್ತದೆ ಎನ್ನುತ್ತಾರೆ. ಉತ್ತರ ಇನ್ನೂ ಬಂದಿಲ್ಲ.

ಸೊಪ್ಪಿನ ಹೊತ್ತಾಗಿದೆ. ಎದ್ದವರು ಗಂಡನ ಹೆಗಲಿನಿಂದ ಜಾರಿದ ಟವಲನ್ನು ಸರಿಮಾಡುತ್ತಾರೆ. ರಕ್ಷಾಪುಟದ ಮೇಲೆ ಹೆಸರು ಹಾಕಿಸುತ್ತೇನೆಂದು ನಾಗರಾಜು ಹೇಳಿದಾಗ ಅವರು ಬೇಡವೆಂದರಂತೆ. ಪುಸ್ತಕದಲ್ಲಿರುವುದು ಒಂದೇ ಹೆಸರು, ಇಪ್ಪತ್ತೆಂಟನೆಯ ಪುಟದ ತಳದಲ್ಲಿ: ‘ಇದನ್ನು ತೋರಿಸಿಕೊಟ್ಟವರು ಚೆಲುವಯ್ಯ, ಅಕ್ಕೂರು.’

“ಅವತ್ತು ಅವ್ರು ಮರ್ತಿರ್ಲಿಲ್ಲ, ಬ್ಯಾಡ ಅಂದಿದ್ರು,” ಎನ್ನುತ್ತಾರೆ ಅಂಬುಜಮ್ಮ ಹುಳುವಿನ ಮನೆಯ ಬಾಗಿಲಲ್ಲಿ ನಿಂತು. “ಐನೂರು ಜನ ಅದ್ನ ಓದ್ಲಿ. ಸಾಕು ನಂಗೆ.”